ನನ್ನ ತಾಯಿ ಚಪ್ಪಾಳೆ ತಟ್ಟಿದ್ದು ಚಂದ್ರನಿಗೆ

ಗ್ರಾಮಸಭೆಯ ನಡವಳಿಯನ್ನು ಯಂತ್ರದಿಂದ ಬರೆಸುತ್ತಿರುವ ಯೋಜನೆಯ ಮಾನ್ಯ ಅಧಿಕಾರಿಗಳೇ,

ನಿಮ್ಮ ಯಂತ್ರ ನನ್ನ ತಾಯಿಯ ಬಗ್ಗೆ ಒಂದು ಸುಳ್ಳು ಬರೆದಿದೆ. ಮುಂಡಗೋಡ ತಾಲೂಕಿನ ನಮ್ಮ ಲಂಬಾಣಿ ತಾಂಡಾಕ್ಕೆ ಹೊಂದಿಕೊಂಡ ಗೋಮಾಳದ ಮೂಲೆಯಲ್ಲಿ, ಸಿಮೆಂಟಿನ ರಾಕೆಟ್ ನಿಲ್ಲಿಸಿ ‘ಮಕ್ಕಳ ಬಾಹ್ಯಾಕಾಶ ಉದ್ಯಾನ’ ಕಟ್ಟುವುದಕ್ಕೆ ತಾಂಡಾದ ಮಹಿಳೆಯರು ‘ಚಪ್ಪಾಳೆಯ ಮೂಲಕ ಹರ್ಷದಿಂದ ಒಪ್ಪಿಗೆ ಸೂಚಿಸಿದರು, ಯಾವುದೇ ಆಕ್ಷೇಪಣೆ ಬರಲಿಲ್ಲ’ ಎಂದು ಬರೆದಿದೆ. ಆ ಮೂಲೆಯಲ್ಲಿ ನನ್ನ ತಂಗಿ ತುಳಜಾಳನ್ನು ಹೂತಿದ್ದಾರೆ. ಸೋಮವಾರ ಅಲ್ಲಿಗೆ ಜೆಸಿಬಿ ಬರುತ್ತದೆ. ಟಪಾಲಿನಲ್ಲಿ ಹಾಕಿದ ಕಾಗದ ನಿಮ್ಮ ಮೇಜಿಗೆ ಬರುವಷ್ಟರಲ್ಲಿ ರಾಕೆಟ್ಟಿಗೆ ಬಣ್ಣವೂ ಬಳಿದಾಗಿರುತ್ತದೆ. ಅದಕ್ಕೇ ಎಲ್ಲರೂ ಓದಲಿ ಎಂದು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಹಳಿಯಾಳದಲ್ಲಿ ಎಂಜಿನಿಯರಿಂಗ್ ಮೊದಲ ವರ್ಷ ಓದುತ್ತಿದ್ದೇನೆ. ವಿಭಾಗ, ದಯವಿಟ್ಟು ನಗಬೇಡಿ, ಕೃತಕ ಬುದ್ಧಿಮತ್ತೆ. ಆರನೇ ತರಗತಿಯಿಂದ ಹಾಸ್ಟೆಲಿನಲ್ಲೇ ಬೆಳೆದವನು. ಮನೆಯಲ್ಲಿ ಲಂಬಾಣಿ, ಹಾಸ್ಟೆಲಿನಲ್ಲಿ ಕನ್ನಡ, ಕ್ಲಾಸಿನಲ್ಲಿ ಇಂಗ್ಲಿಷ್, ಮೂರೂ ಅರ್ಧಂಬರ್ಧ. ಟೆನ್ಷನ್ ಆದರೆ ಮೂರೂ ಕೈಕೊಡುತ್ತವೆ. ಇಂಟರ್ನಲ್ಸ್ ಅಂದರೆ ಹೆದರುತ್ತೇನೆ, ವೈವಾ ಅಂದರೆ ಹೆದರುತ್ತೇನೆ, ವಾರ್ಡನ್ ಸರ್ ಚಪ್ಪಲಿಯ ಸದ್ದಿಗೂ ಹೆದರುತ್ತೇನೆ. ಆದರೆ ನಡವಳಿಯ ಪಿಡಿಎಫ್ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದಾಗ, ಅದನ್ನು ಎರಡು ಸಲ ಓದಿ, ಮೆಸ್ಸಿಗೆ ಹೋಗಿ, ಚಪಾತಿ ತಿಂದು ಬಂದೆ. ಹಲ್ಲು ಕೀಳುವ ಮುಂಚೆ ದವಡೆಗೆ ಇಂಜೆಕ್ಷನ್ ಕೊಡುತ್ತಾರಲ್ಲ, ಹಾಗಾಗಿತ್ತು. ಈಗಲೂ ಹಾಗೇ ಇದೆ. ಪತ್ರದಲ್ಲಿ ಸಿಟ್ಟು ಸಾಲದು ಎಂದು ಯಾರಿಗಾದರೂ ಅನಿಸಿದರೆ ಕ್ಷಮಿಸಬೇಕು.

ಸಭೆಗೆ ನಾನು ಹೋಗಿರಲಿಲ್ಲ. ನನ್ನ ಅಪ್ಪ ಕಾಶಿರಾಮ, ತಾಯಿ ಶಾಂತಿಬಾಯಿ ಹೋಗಿದ್ದರು. ಶಾಲೆಯ ಹಾಲಿನಲ್ಲಿ ಮೊದಲು ಪರದೆ ಕಟ್ಟಿ, ನಮ್ಮ ದೇಶದ ನೌಕೆ ಚಂದ್ರನ ಮೇಲೆ ಇಳಿದ ವಿಡಿಯೋ ತೋರಿಸಿದರಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ತಾಯಿಯೂ ತಟ್ಟಿದಳು. ಆಮೇಲೆ ಪರದೆಯ ಮೇಲೆ ಉಪಗ್ರಹದಿಂದ ತೆಗೆದ ನಮ್ಮ ಗೋಮಾಳದ ಚಿತ್ರ ಬಂತು. ಮೂಲೆಯಲ್ಲಿ ಕೆಂಪು ಚೌಕ, ಚೌಕದೊಳಗೆ ‘ಖಾಲಿ ಜಾಗ’ ಎಂಬ ಬರಹ. ಉದ್ಯಾನದ ವಿಷಯ ಓದಿದರು. ಆಗ ನಮ್ಮ ತಾಂಡಾದ ಹೆಂಗಸರೆಲ್ಲ ತಲೆಯ ಮೇಲಿನ ಮುಸುಕನ್ನು ಮುಖದ ಮೇಲೆ ಎಳೆದುಕೊಂಡು, ಗೋಡೆಯ ಕಡೆ ತಿರುಗಿ ಕೂತರು. ಹಾಲಿನಲ್ಲಿ ಸದ್ದಿಲ್ಲ. ಮುಂದಿನ ವಿಷಯ, ಬೀದಿ ದೀಪ.

ಇದನ್ನು ನಿಮಗೆ ಬಿಡಿಸಿ ಹೇಳಬೇಕು. ನಮ್ಮಲ್ಲಿ ಮದುವೆಯಾದವರು ಸತ್ತರೆ ಸುಡುತ್ತಾರೆ. ಮದುವೆಯಾಗದವರನ್ನು, ಮಕ್ಕಳನ್ನು, ಹೂಳುತ್ತಾರೆ. ಸುಡುವ ಜಾಗ ಸ್ಮಶಾನವೆಂದು ದಾಖಲೆಯಲ್ಲಿದೆ. ಹೂಳುವ ಮೂಲೆ ಯಾವ ದಾಖಲೆಯಲ್ಲೂ ಇಲ್ಲ. ಕಲ್ಲು ನೆಡುವುದಿಲ್ಲ. ನರಿ ಕೆದರಬಾರದೆಂದು ಮುಳ್ಳುಕಂಟಿ ಹೇರುತ್ತಾರೆ. ಒಂದು ಮಳೆಗಾಲ ಕಳೆದರೆ ಅದೂ ಕರಗುತ್ತದೆ. ಆ ಮೂಲೆಯ ಹೆಸರನ್ನು ನಮ್ಮ ತಾಂಡಾದ ತಾಯಂದಿರು ನಾಲ್ಕು ಜನರ ಮುಂದೆ ಬಾಯಲ್ಲಿ ತರುವುದಿಲ್ಲ. ಯಾರಾದರೂ ಎತ್ತಿದರೆ ಮುಸುಕು ಎಳೆದು ಹೊರಳಿ ಕೂರುತ್ತಾರೆ. ಅವರು ಹೊರಳಿದ ಮೇಲೆ ಗಂಡಸರೂ ತುಟಿ ಬಿಚ್ಚುವಂತಿಲ್ಲ, ಮಾತು ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ‘ಬೇಡ’ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿಯಾದ ರೀತಿ ಇಲ್ಲ. ಮೊದಲೆಲ್ಲ ನಡವಳಿ ಬರೆಯುವವರು ಮನುಷ್ಯರಾಗಿದ್ದರು. ಸದ್ದು ನಿಂತರೆ ಯಾಕೆಂದು ತಲೆ ಎತ್ತಿ ನೋಡುತ್ತಿದ್ದರು. ನಿಮ್ಮ ಯಂತ್ರಕ್ಕೆ ಎತ್ತಲು ತಲೆ ಇಲ್ಲ. ಅದು ಕೇಳಿಸಿಕೊಂಡಿದ್ದು ಚಪ್ಪಾಳೆ, ಆಮೇಲೆ ನಿಶ್ಶಬ್ದ. ಎರಡನ್ನೂ ಸೇರಿಸಿ ಹೊಲಿದು ‘ಹರ್ಷದಿಂದ ಒಪ್ಪಿಗೆ’ ಮಾಡಿತು. ಇದಕ್ಕೆ ನಮ್ಮ ಪಠ್ಯದಲ್ಲಿ ‘ಸಾರಾಂಶ’ ಎನ್ನುತ್ತಾರೆ.

ಶನಿವಾರ ಬಸ್ಸು ಹಿಡಿದು ಪಂಚಾಯಿತಿಗೆ ಹೋದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಸಾಹೇಬರು ಟ್ರೇನಿಂಗಿಗೆ ಹೋಗಿದ್ದರು. ನಿಮ್ಮದೇ ಯಂತ್ರದ ಟ್ರೇನಿಂಗ್. ಕಂಪ್ಯೂಟರ್ ಆಪರೇಟರ್ ಮಧುಮತಿ ಅಕ್ಕ ಇದ್ದರು.

“ಅಕ್ಕಾರ, ಇದರಾಗ ತಪ್ಪೈತ್ರಿ. ಯಾರೂ ಒಪ್ಪಿಗಿ ಕೊಟ್ಟಿಲ್ರಿ.”

“ಬ್ಯಾಡ ಅಂತ ಯಾರರ ಅಂದಾರೇನು? ರೆಕಾರ್ಡಿಂಗ್ ಕೇಳು ಬೇಕಾದ್ರ. ಒಬ್ಬರದೂ ಉಸಿರಿಲ್ಲ.”

“ನಮ್ಮ ಮಂದಿ ಉಸಿರು ಬಿಡಲಿಲ್ಲಂದ್ರ ಬ್ಯಾಡ ಅಂದಂಗ್ರಿ.”

“ತಮ್ಮಾ, ನಮ್ಮ ಮನಿಯವರೂ ಹಿಂಗ ಸುಮ್ಮನ ಕೂಡ್ತಾರ. ಹೂಂ ಅಂದ್ರೋ, ಉಹೂಂ ಅಂದ್ರೋ, ಇಷ್ಟ್ ವರ್ಷ ಆತು ನನಗ ತಿಳಿದಿಲ್ಲ. ಇನ್ನ ಮಷೀನಿಗೆ ಏನ್ ತಿಳೀತೈತಿ?” ಎಂದು ನಕ್ಕರು. ಆಮೇಲೆ, “ನೀ ಏನ್ ಓದಾಕತ್ತಿ?”

“ಎಐ ರೀ.”

“ಅಯ್ಯ, ಹಂಗಾರ ಇದು ನಿಮ್ಮ ಬೀಗರ ಮಷೀನ್ ಆತಲ್ಲೋ! ನೀನ ತಿದ್ದಿಕೊಡಪಾ. ನಮಗ ಎಡಿಟ್ ಬಟನ್ನ ಕೊಟ್ಟಿಲ್ಲ.”

ನಾನು ತಂಗಿಯ ವಿಷಯ ಹೇಳಿದೆ. ಅವರ ನಗು ನಿಂತಿತು. ಸ್ಟೂಲು ಎಳೆದು ಕೂರಿಸಿ, ನೀರು ಕೊಟ್ಟು, ನನ್ನ ಮುಂದೆಯೇ ಮೇಲಿನ ಕಚೇರಿಗೆ ಫೋನು ಮಾಡಿದರು. ಉತ್ತರ ಏನು ಗೊತ್ತೇ, ಮಾನ್ಯರೇ? ಆಕ್ಷೇಪಣೆ ಇದ್ದವರು ಮುಂದಿನ ಗ್ರಾಮಸಭೆಯಲ್ಲಿ, ಮೈಕಿನ ಮುಂದೆ ಸ್ಪಷ್ಟವಾಗಿ, ಒಬ್ಬೊಬ್ಬರಾಗಿ ಮಾತಾಡಬೇಕು. ಮುಂದಿನ ಗ್ರಾಮಸಭೆ ಆರು ತಿಂಗಳಿಗೆ. ಜೆಸಿಬಿ ಸೋಮವಾರ.

ಚಂದ್ರನ ಮೇಲೆ ನನಗೇನೂ ಸಿಟ್ಟಿಲ್ಲ. ನೌಕೆ ಇಳಿದ ಸಂಜೆ ಹಾಸ್ಟೆಲಿನ ಊಟದ ಹಾಲಿನಲ್ಲಿ ತಟ್ಟೆ ಬಡಿದವರಲ್ಲಿ ನಾನೂ ಒಬ್ಬ. ಆದರೆ ನನಗೆ ಹೆಚ್ಚು ನೆನಪಿರುವುದು ಅದಕ್ಕಿಂತ ಹಿಂದಿನ ಸಲದ್ದು. ಆಗ ನಾನು ಏಳನೇ ತರಗತಿ. ಇಳಿಯುವ ಹೊತ್ತಿಗೆ ನೌಕೆಯ ಸಂಪರ್ಕ ತಪ್ಪಿತ್ತು. ಆಗಿನ ವಾರ್ಡನ್ ಸರ್ ಪ್ರಾರ್ಥನೆಯ ಹೊತ್ತಿನಲ್ಲಿ, “ಅದು ಮಾತು ಬಿಟ್ಟೈತಿ. ಆದ್ರ ನಮ್ಮವ್ರು ಇನ್ನೂ ಕರೀಲಿಕ್ಕತ್ತಾರ” ಎಂದಿದ್ದರು. ದಿನಗಟ್ಟಲೆ ಕರೆದರು. ದೇಶಕ್ಕೆ ದೇಶವೇ ಕಿವಿಗೊಟ್ಟು ಕೂತಿತ್ತು. ಅಷ್ಟು ದೂರದಲ್ಲಿ ಮಾತು ಬಿಟ್ಟ ಒಂದು ಯಂತ್ರದ ಮೌನವನ್ನು ‘ಆಕ್ಷೇಪಣೆ ಇಲ್ಲ’ ಎಂದು ಯಾರಾದರೂ ಬರೆದುಕೊಂಡರೇ? ಇಲ್ಲ. ಸದ್ದು ನಿಂತಿದೆಯೆಂದರೆ ಅಲ್ಲಿ ಏನೋ ಆಗಿದೆ ಎಂಬುದು ಅವರಿಗೆ ಗೊತ್ತಿತ್ತು. ಶಾಲೆಯ ಹಾಲಿನಲ್ಲಿ ಗೋಡೆ ಕಡೆ ತಿರುಗಿ ಕೂತ ಹೆಂಗಸರು ಮೈಕಿನಿಂದ ಹತ್ತು ಅಡಿ ದೂರ ಇದ್ದರು.

ಪಂಚಾಯಿತಿಯಿಂದ ಮನೆಗೆ ಹೋದೆ. ನನ್ನ ಯಾಡಿ, ನಮ್ಮಲ್ಲಿ ತಾಯಿಯನ್ನು ಹಾಗೆ ಕರೆಯುತ್ತಾರೆ, ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಡವಳಿಯನ್ನು ಓದಿ ಹೇಳಿದೆ. ಅವಳು ಲಂಬಾಣಿಯಲ್ಲಿ ಹೇಳಿದ್ದನ್ನು ಇಲ್ಲಿಯ ಕನ್ನಡದಲ್ಲಿ ಬರೆಯುತ್ತೇನೆ.

“ಚಂದ್ರನ ಮ್ಯಾಲೆ ಇಳದಾಗ ಎಲ್ಲಾರೂ ಹೊಡದ್ರು, ನಾನೂ ಹೊಡದೆ. ಚಲೋ ಇತ್ತಪಾ ಅದು, ಹೂವ ಇಟ್ಟಂಗ ಇಳೀತು.” ಮೊರವನ್ನು ಎರಡು ಸಲ ಕೊಡವಿ, ತಲೆ ಎತ್ತದೆ ಕೇಳಿದಳು: “ಚಪ್ಪಾಳಿ ಹೊಡೀಬಾರದಿತ್ತೇನು?”

ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದ್ದರೆ ಕಳಿಸಿಕೊಡಿ, ಅವಳಿಗೆ ಓದಿ ಹೇಳುತ್ತೇನೆ.

ಆಮೇಲೆ ಅಪ್ಪನೂ ಸೇರಿ ಮೂವರೂ ಆ ಮೂಲೆಗೆ ಹೋದೆವು. ಹೋದ ಮಳೆಗಾಲದಲ್ಲಿ ತುಳಜಾ ಜ್ವರ ಬಂದು ಸತ್ತಾಗ ಅವಳು ಎಂಟನೇ ತರಗತಿ. ಫೋನ್ ಬಂದು ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣು ಮುಚ್ಚಿ ಬಂದಿದ್ದರು. ಈಗ ಅಲ್ಲಿ ಸುಣ್ಣದ ಗೆರೆ ಹೊಡೆದಿದ್ದಾರೆ. ರಾಕೆಟ್ಟಿಗೆ ಒಂದು ವೃತ್ತ, ಜಾರುಬಂಡೆಗೆ ಒಂದು ಚೌಕ. ಆಕಾಶದಿಂದ ನೋಡಿದರೆ ಅಲ್ಲಿ ನಿಜಕ್ಕೂ ಏನೂ ಇಲ್ಲ. ನಿಂತು ನೋಡಿದರೂ ಏನೂ ಇಲ್ಲ, ಹುಲ್ಲು. ಮಕ್ಕಳ ಉದ್ಯಾನವಂತೆ. ಅಲ್ಲಿ ಆಗಲೇ ಮಕ್ಕಳಿದ್ದಾರೆ.

ಅಪ್ಪ ಒಂದು ಕಡೆ ನಿಂತು, “ಇಲ್ಲೇ... ಅಲ್ಲ, ಸ್ವಲ್ಪ ಆ ಕಡೆ. ಗುರ್ತಿಗೆ ಮತ್ತಿ ಗಿಡ ಇತ್ತಪಾ, ಗಾಳಿಗೆ ಬಿತ್ತು” ಎಂದ. ಯಾಡಿ ಮುಸುಕು ಎಳೆದುಕೊಂಡು, ನಮ್ಮಿಬ್ಬರನ್ನೂ ದಾಟಿ ಹೋಗಿ, ಸುಣ್ಣದ ವೃತ್ತದೊಳಗೆ ನಿಂತಳು. ನಾವು ಹೊರಗೆ ನಿಂತೆವು.

ಆದ್ದರಿಂದ ನಾನು ಕೇಳುವುದು ಇಷ್ಟೇ. ರಾಕೆಟ್ ಬೇಡ ಎನ್ನುತ್ತಿಲ್ಲ. ಶಾಲೆಯ ಮುಂದೆ ನಿಲ್ಲಿಸಿ, ನಾನೇ ಬಂದು ಬಣ್ಣ ಬಳಿಯುತ್ತೇನೆ. ಸೋಮವಾರದ ಜೆಸಿಬಿ ನಿಲ್ಲಿಸಿ. ಆ ನಡವಳಿಯಿಂದ ನನ್ನ ತಾಯಿಯ ಹರ್ಷವನ್ನು ತೆಗೆದುಹಾಕಿ. ಆಮೇಲೆ ನಿಮ್ಮ ಕಚೇರಿಯಿಂದ ಕಣ್ಣಿರುವ ಒಬ್ಬರು ಬರಲಿ, ಮೈಕು ಬೇಡ. ನಮ್ಮ ತಾಂಡಾದ ತಾಯಂದಿರನ್ನು ಆ ಮೂಲೆಗೆ ಕರೆದು, ಏನನ್ನೂ ಕೇಳದೆ ಬದಿಗೆ ನಿಲ್ಲಲಿ. ಅವರು ಮಾತಾಡುವುದಿಲ್ಲ, ನಡೆಯುತ್ತಾರೆ. ಒಬ್ಬೊಬ್ಬರು ಎಲ್ಲೆಲ್ಲಿ ನಿಲ್ಲುತ್ತಾರೋ ನೋಡಿಕೊಳ್ಳಿ. ಅಲ್ಲಿ ಅಗೆಯಬೇಡಿ.

ಇಂತಿ,
ಬರುವ ಸೆಮಿಸ್ಟರಿನಲ್ಲಿ ನಿಮ್ಮ ಯಂತ್ರದ ಪಾಠವನ್ನೇ ಓದಿ ಪಾಸಾಗಬೇಕಾಗಿರುವ
ದಿನೇಶ,
ತುಳಜಾಳ ಅಣ್ಣ