ಎಳೆದು ನೋಡಿದ ಜಡೆ

ಕಾಪು,
ಆಗಸ್ಟ್ ೨೮, ೨೦೨೫

ಪ್ರೀತಿಯ ಅತ್ತಿಗೆಗೆ ವಿಜೇತಾಳ ನಮಸ್ಕಾರಗಳು.

ಕಾರ್ಕಳದಲ್ಲಿ ನೀವು, ನಿಮ್ಮ ಅಪ್ಪ ಅಮ್ಮ ಎಲ್ಲರೂ ಸೌಖ್ಯವೇ? ನಿಮ್ಮ ಶೀತ ಬಿಟ್ಟಿತೇ? ಇಲ್ಲಿ ಅಮ್ಮನ ಮೊಣಕಾಲು ನೋವು ಹಾಗೆಯೇ ಉಂಟು. ಫೋನ್ ಮಾಡಿದರೆ ಅಮ್ಮನೂ ಜಿತೇಶಣ್ಣನೂ ಹತ್ತಿರ ಬಂದು ನಿಲ್ಲುತ್ತಾರೆ, ಅದಕ್ಕೆ ಈ ಕಾಗದ. ಆಟಿ ತಿಂಗಳು ಕುಳ್ಳಿರಲು ತವರಿಗೆ ಹೋದ ಮದುಮಗಳು ಸೋಣ ತಿಂಗಳು ಹುಟ್ಟಿದ ಮೇಲೆ ಗಂಡನ ಮನೆಗೆ ಮರಳುವ ಕ್ರಮವನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಸೋಣ ಹುಟ್ಟಿ ಹನ್ನೆರಡು ದಿನವಾಯಿತು. ಅಣ್ಣ ಕೇಳಿದರೆ ನೀವು ಶೀತ ಎನ್ನುತ್ತೀರಂತೆ. ನೀವು ಹೋಗುವ ಮೊದಲು ಇಲ್ಲಿಯ ಮೀನು ಮಾರ್ಕೆಟಿನಲ್ಲಿ ಒಬ್ಬಳು ನಿಮ್ಮ ಜಡೆ ಎಳೆದು, ನಿಜವಾದದ್ದೋ ಚೌರಿಯೋ ಎಂದು ನೋಡಿದ್ದು ನನಗೆ ಗೊತ್ತುಂಟು. ನೀವು ಬರದಿರುವುದು ಆ ಅವಮಾನಕ್ಕೆ ಎಂದೂ ಗೊತ್ತುಂಟು.

ನಿಮ್ಮ ಕೂದಲ ಮೇಲೆ ನನಗೆ ಕಣ್ಣು ಇದ್ದದ್ದು ಹೌದು. ಕೆಲಸ ಮಾಡುವ ಮಣಿಪಾಲದ ಪ್ರಿಂಟಿಂಗ್ ಅಂಗಡಿಯಲ್ಲಿ ಅಚ್ಚಿಗೆ ಬರುವ ಕರಪತ್ರಗಳನ್ನೆಲ್ಲ ಓದಿ, ಅವುಗಳಲ್ಲೊಂದನ್ನು ನಂಬಿ, ಬಿಸು ಹಬ್ಬದಿಂದ ಮೀನು, ಮೊಟ್ಟೆ, ಕುಚ್ಚಲಕ್ಕಿ ಗಂಜಿ ಎಲ್ಲ ಬಿಟ್ಟವಳು ನಾನು. ಹಣ್ಣಿನ ರಸ ಕುಡಿದು ಸೌತೆಕಾಯಿ ಕಚ್ಚುತ್ತಿದ್ದ ನನ್ನ ಕೂದಲು ಬಾಚಣಿಗೆ ತುಂಬ ಬರುತ್ತಿತ್ತು. ಒಂದು ಕರಪತ್ರವನ್ನೂ ಓದದ ನೀವು ಎರಡು ಸಲ ಗಂಜಿ ಹಾಕಿಸಿಕೊಂಡು, ಹುರುಳಿ ಸಾರು, ತಿಮರೆ ಸೊಪ್ಪಿನ ಚಟ್ನಿ, ತಲೆ ಸಮೇತ ಬಂಗುಡೆ ಮೀನು ತಿಂದು ಏಳುವಾಗ ಆ ಜಡೆ ಸೊಂಟದ ಕೆಳಗೆ ಆಡುತ್ತಿತ್ತು. ದೊಡ್ಡ ಬಂಗುಡೆ ಯಾವಾಗಲೂ ನಿಮಗೇ. ಅಮ್ಮ ನನ್ನವರು, ತಟ್ಟೆ ನಿಮ್ಮದು. ಮಹಿಳಾ ಸಂಘದಲ್ಲಿ ನಾನು ಶಾಂಪೂ ಕಂಪೆನಿಗಳ ಲೂಟಿಯ ಬಗ್ಗೆ, ಕೂದಲಿಗೆ ಬೇಕಾದ ಆಹಾರದ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಮುಗಿದ ಕೂಡಲೇ ಎಲ್ಲರೂ ನಿಮ್ಮ ಸುತ್ತ ಸೇರಿ, ಎಂತ ತಿನ್ನುತ್ತೀರಿ ಎಂದು ಕೇಳಿದರು. "ಎಂತ ಇಲ್ಲಪ್ಪ, ಅತ್ತೆ ಬಡಿಸಿದ್ದು ತಿನ್ನುವುದು" ಎಂದು ನೀವು ನಕ್ಕಿರಿ. ಆ ನಗು ನನಗೆ ಮೂರು ದಿನ ಉರಿಯಿತು.

ಕಳೆದ ವಾರ ಕೆಲಸದಲ್ಲಿ ತಲೆ ಸುತ್ತಿ ಕುಳಿತುಬಿಟ್ಟೆ. ಆರೋಗ್ಯ ಕೇಂದ್ರದ ನರ್ಸ್ ವೆರೊನಿಕಾ ಬಾಯಿ ರಕ್ತ ನೋಡಿ, ಹಿಮೋಗ್ಲೋಬಿನ್ ಎಂಟೂವರೆ ಎಂದರು. ಎಂತ ತಿನ್ನುತ್ತಿ ಎಂದು ಕೇಳಿದರು. ನಾನು ಕರಪತ್ರದ ವಿವರ ಕೊಟ್ಟೆ. "ಹೊಟ್ಟೆಗೇ ಇಲ್ಲ, ಇನ್ನು ತಲೆಗೆ ಎಲ್ಲಿಂದ ಬರುವುದು ಮಾರಾಯ್ತಿ?" ಎಂದರು. ಶಾಂಪೂ ಕಂಪೆನಿಗಳ ಬಗ್ಗೆ ಹೇಳಿದ ಒಂದಕ್ಷರವನ್ನೂ ನಾನು ಹಿಂದೆ ತೆಗೆದುಕೊಳ್ಳುವುದಿಲ್ಲ. ಸೌತೆಕಾಯಿಯನ್ನು ಮಾತ್ರ ಹಿಂದೆ ತೆಗೆದುಕೊಂಡೆ. ಕಳೆದ ಭಾನುವಾರ ಅಮ್ಮ ಬೂತಾಯಿ ಮೀನು ಬಡಿಸಿದರು, ನಾನು ಮುಳ್ಳು ಬಿಡಿಸಿ ತಿಂದೆ. ಆಗಲೂ ಅಮ್ಮ, ಇದು ನಿಮಗೆಷ್ಟು ಇಷ್ಟ ಎಂದೇ ಹೇಳುತ್ತಿದ್ದರು.

ನಿಮ್ಮ ಮನೆಯ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ. ಅಮ್ಮನ ಆಶೀರ್ವಾದ ನಿಮಗೆ ಯಾವತ್ತೂ ಉಂಟು, ಅದು ನಿಮಗೂ ಗೊತ್ತು.

ನಿಮ್ಮ ನಾದಿನಿ,
ವಿಜೇತಾ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ನಿಮ್ಮ ಜಡೆ ಅರ್ಧ ಚೌರಿ ಎಂದು ಸಂಘದ ಹೆಂಗಸರಿಗೆ ಹೇಳಿದವಳು ನಾನೇ. ಸುಳ್ಳು ಎಂದು ಗೊತ್ತಿದ್ದೇ ಹೇಳಿದೆ. ಈ ಭಾನುವಾರ ಸಂಘದಲ್ಲಿ ಎದ್ದು ನಿಂತು ಇದನ್ನೇ ಹೇಳುತ್ತೇನೆ, ಅಮ್ಮನ ಎದುರಿಗೆ. ಹೊಟ್ಟೆಕಿಚ್ಚು ಇನ್ನೂ ಪೂರ್ತಿ ಹೋಗಿಲ್ಲ ಅತ್ತಿಗೆ. ಅದು ಹೋಗಲಿ ಎಂದು ಕಾಯಬೇಡಿ, ಬನ್ನಿ.