ಅರಿಶಿನದ ಕೆಳಗಿನ ಕೆಂಪು

ಹಾನಗಲ್
೧೨ ಸೆಪ್ಟೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಮಹೆಕ,

ಮುಬಶೀರನ ಮದುವೆಗೆ ಬರಲಿಲ್ಲ, ನಿನ್ನ ಫೋನು ಎತ್ತಲಿಲ್ಲ, ನೀನು ಕಳಿಸಿದ ಫೋಟೋಗಳನ್ನು ನೋಡಿಯೂ ಒಂದು ಮಾತು ಬರೆಯಲಿಲ್ಲ. ಧಾರವಾಡದ ಹಾಸ್ಟೆಲಿನಲ್ಲಿ ಎರಡು ವರ್ಷ ಒಂದೇ ಕೋಣೆಯಲ್ಲಿ ಇದ್ದವಳು ನನ್ನ ತಮ್ಮನ ಮದುವೆಗೇ ಬರಲಿಲ್ಲವಲ್ಲ ಎಂದು ನಿನಗೆ ಸಿಟ್ಟು ಬಂದಿರುತ್ತದೆ. ಸಿಟ್ಟು ಇರಲಿ, ಇದನ್ನು ಓದುವಾಗ ಮಾತ್ರ ಸ್ವಲ್ಪ ಪಕ್ಕಕ್ಕಿಡು. ನಿಮ್ಮಮ್ಮ ಮರಿಯಮಬಿಯವರಿಗೆ ನನ್ನ ಸಲಾಂ ತಿಳಿಸು.

ಫೋನು ಬಿಟ್ಟು ಪತ್ರ ಯಾಕೆಂದರೆ, ನಮ್ಮ ಮನೆಯಲ್ಲಿ ಫೋನಿನ ಮಾತು ಪಡಸಾಲೆಯವರೆಗೂ ಕೇಳುತ್ತದೆ. ಇನ್ನೊಂದು ಕಾರಣವೂ ಇದೆ. ಹೋದ ವಾರದವರೆಗೆ ನನಗೆ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಈಗ ಆಗುತ್ತಿದೆ. ಎಷ್ಟು ಹೊತ್ತು ಆಗುತ್ತದೋ ನೋಡೋಣ ಎಂದು ಕೂತಿದ್ದೇನೆ.

ನನಗೆ ಲೂಪಸ್ ಎಂಬ ರೋಗವಿದೆ. ಕಿಡ್ನಿಯಿಂದ ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ರೋಗ ಅಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಸೋಮವಾರ ಹುಬ್ಬಳ್ಳಿಯಲ್ಲಿ ಹೇಳುತ್ತಾರೆ. ಇಷ್ಟನ್ನು ಮೊದಲೇ ಬರೆದುಬಿಟ್ಟರೆ ಉಳಿದದ್ದನ್ನು ಸಮಾಧಾನದಿಂದ ಬರೆಯಬಹುದು ಎಂದುಕೊಂಡಿದ್ದೆ. ಹಾಗೇನೂ ಆಗುತ್ತಿಲ್ಲ.

ಶುರುವಾದದ್ದು ಬೆರಳುಗಳಿಂದ. ಬೇಸಿಗೆ ರಜೆ ಮುಗಿದು ತಿಳವಳ್ಳಿಯ ನಮ್ಮ ಶಾಲೆ ತೆರೆದಾಗ, ಮೊದಲ ಪಿರಿಯಡ್ಡಿನಲ್ಲೇ ಸೀಮೆಸುಣ್ಣ ಕೈಯಿಂದ ಜಾರಿ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಬೆರಳು ಸಡಿಲವಾಗುತ್ತಿದ್ದವು, ಮರುದಿನ ಬೆಳಿಗ್ಗೆ ಮತ್ತೆ ಬಿಗಿ. ಇಲ್ಲಿಯ ಡಾಕ್ಟರು, "ಹ್ವಾದ ವರ್ಷ ಚಿಕೂನ್‌ಗುನ್ಯಾ ಆಗಿತ್ತಲ್ಲರಿ? ಅದರ ಬಾಲ ಇದು," ಎಂದು ನೋವಿನ ಗುಳಿಗೆ ಬರೆದುಕೊಟ್ಟರು. ಸುಶೀಂದ್ರ ಗಂಡನಾಗಿಯೂ ವಕೀಲರಾಗಿಯೂ ಅದನ್ನು ಒಪ್ಪಿಕೊಂಡರು.

ಆಮೇಲೆ ಚಾತುರ್ಮಾಸ್ಯ ಬಂತು. ಮೊದಲ ತಿಂಗಳು ತರಕಾರಿ ಇಲ್ಲ, ಮುಂದೆ ತಿಂಗಳಿಗೊಂದರಂತೆ ಮೊಸರಿಲ್ಲ, ಹಾಲಿಲ್ಲ, ಬೇಳೆಯಿಲ್ಲ. ಹಾಸ್ಟೆಲಿನಲ್ಲಿ ನನ್ನ ತಟ್ಟೆ ನೋಡಿ ನಗುತ್ತಿದ್ದೆಯಲ್ಲ, ಅದೇ. ಹೀಗಾಗಿ ನನ್ನ ಸುಸ್ತು ವ್ರತದ ಸುಸ್ತಾಯಿತು. ಸಂಜೆಯ ಸಣ್ಣ ಜ್ವರವೂ ವ್ರತದ್ದೇ ಆಯಿತು. ಕಸ ಗುಡಿಸಲು ಬರುವ ಹೊಳೆವ್ವ ಒಂದು ದಿನ ಕಸಬರಿಗೆ ಎತ್ತಿ ತೋರಿಸಿ, "ಯವ್ವಾ, ನಿಮ್ಮ ಉದುರಿದ ಕೂದ್ಲ ಕೂಡಿಸಿಟ್ರ ಆಕಳಿಗೆ ಒಂದ ಕಣ್ಣಿ ಹೊಸೀಬಹುದ ನೋಡ್ರಿ," ಎಂದಳು. ಅದಕ್ಕೆ ಬೋರಿನ ನೀರು ಕಾರಣ ಎಂದಾಯಿತು. ಒಂದೊಂದು ನೋವಿಗೂ ಒಂದೊಂದು ಕಾರಣ ಸಿಕ್ಕುತ್ತಿತ್ತು, ಮಹೆಕ. ಎಲ್ಲವನ್ನೂ ಒಟ್ಟಿಗೆ ಇಟ್ಟು ಯಾರೂ ನೋಡಲಿಲ್ಲ.

ಶ್ರಾವಣದ ಮೊದಲ ಶುಕ್ರವಾರ ಮುತ್ತೈದೆಯರು ಅರಿಶಿನ ಕುಂಕುಮಕ್ಕೆ ಬಂದಿದ್ದರು. ಪಕ್ಕದ ಮನೆಯ ಮಂಜುಳಾಬಾಯಿ ನನ್ನ ಗದ್ದ ಹಿಡಿದೆತ್ತಿ, "ಗೋಪಿಕಾಬಾಯಿ, ಏನ್ ಕಳಾ ಬಂದದರಿ ನಿಮ್ಮ ಸೊಸಿ ಮಾರಿಗೆ! ಗಲ್ಲ ನೋಡ್ರಿ ಹೆಂಗ ಕೆಂಪಗ ಆಗ್ಯಾವ. ಏನರ ಸುದ್ದಿ ಅದನೋ, ನಮ್ಮ ಕಡೆ ಮುಚ್ಚಿಟ್ಟೀರೋ?" ಎಂದರು. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ.

"ತಿಳವಳ್ಳಿ ಬಸ್ಸಿನಾಗ ಬಿಸಲ ಕಡೆ ಕೂತು ಬರತಾಳ. ಅದರ ಕೆಂಪದು," ಎಂದು ಹೇಳಿ, ಬಟ್ಟಲಲ್ಲಿದ್ದ ಅರಿಶಿನವನ್ನೆಲ್ಲ ನನ್ನ ಎರಡೂ ಕೆನ್ನೆಗೆ, ಮೂಗಿಗೆ ಬಳಿದುಬಿಟ್ಟರು.

ಅಂದಿನಿಂದ ನಾನು ಹೊರಗೆ ಹೊರಟರೆ ಸಾಕು, ಕರೆದು ನಿಲ್ಲಿಸಿ ಅವರೇ ಹಚ್ಚುತ್ತಿದ್ದರು, ದಪ್ಪಗೆ. ತರಗತಿಯ ಹುಡುಗಿಯರು ಬಾಯಿಗೆ ಪುಸ್ತಕ ಅಡ್ಡ ಹಿಡಿದು ನಗುತ್ತಿದ್ದರು. ಮದುವೆಯಾಗಿ ಐದು ವರ್ಷವಾದರೂ ತೊಟ್ಟಿಲು ಕಟ್ಟಿಲ್ಲ, ಕಡೇಪಕ್ಷ ಮುತ್ತೈದೆಯಂತೆ ಕಾಣಲಿ ಎಂದು ಹೀಗೆ ಮಾಡುತ್ತಾರೆ ಎಂದುಕೊಂಡೆ. ಸಂಜೆ ತೊಳೆದರೆ ಅರಿಶಿನ ಹೋಗುತ್ತಿತ್ತು. ಕೆಂಪು ಹೋಗುತ್ತಿರಲಿಲ್ಲ. ಪ್ರಾರ್ಥನೆಗೆ ಬಿಸಿಲಲ್ಲಿ ನಿಂತ ದಿನವಂತೂ ಉರಿಯುತ್ತಿತ್ತು.

ನಿಮ್ಮ ಮನೆಯ ಮದುವೆಯ ದಿನ ನಾನು ತಯಾರಾಗಿದ್ದೆ. ಹಸಿರು ರೇಷ್ಮೆ ಸೀರೆ, ನಿನಗೆ ಇಷ್ಟವಾದದ್ದು. ಬಾಗಿಲಲ್ಲಿ ಚಪ್ಪಲಿ ಕಾಲಿಗೆ ಹತ್ತಲಿಲ್ಲ. ಒತ್ತಿ ತೂರಿಸುತ್ತಿದ್ದೆ. ಅತ್ತೆ ಬಂದು ಕುಕ್ಕುರುಗಾಲಲ್ಲಿ ಕೂತು ನನ್ನ ಪಾದದ ಮೇಲೆ ಹೆಬ್ಬೆರಳು ಒತ್ತಿದರು. ಬೆರಳು ತೆಗೆದ ಮೇಲೂ ಕುಳಿ ಹಾಗೇ ಉಳಿಯಿತು.

"ಚಪ್ಪಲ ಬಿಡು. ಇವತ್ತ ನೀ ಎಲ್ಲಿಗೂ ಹೋಗೂದಿಲ್ಲ."

ಸವಣೂರಿಗೆ, ನಿಮ್ಮ ಮನೆಗೆ, ಹೋಗುವುದು ಬೇಡವಾಗಿ ಹೀಗೆ ಹೇಳುತ್ತಿದ್ದಾರೆ ಎಂದು ನನಗೆ ತಲೆ ಕೆಟ್ಟಿತು. ಜೋರಾಗಿಯೇ ಮಾತಾಡಿದೆ. ಅವರು "ಮೂತ್ರದಾಗ ನೊರಿ ಬರತದೇನು?" ಎಂದಷ್ಟೇ ಕೇಳಿದರು. ಬರುತ್ತಿತ್ತು. ಕೆಲವು ವಾರಗಳಿಂದ ಬರುತ್ತಿತ್ತು. "ನಮ್ಮಪ್ಪನ ಕಿಡ್ನಿ ಹೋಗೂ ಮುಂದ ಹಿಂಗ ಆಗಿತ್ತು," ಎಂದು ಎದ್ದು ಒಳಗೆ ಹೋದರು. ಮರುದಿನ ಮೊದಲ ಬಸ್ಸಿಗೆ ಅವರೇ ನನ್ನನ್ನು ಹುಬ್ಬಳ್ಳಿಗೆ ಕರೆದೊಯ್ದರು.

ಅಲ್ಲಿಯ ಡಾಕ್ಟರಮ್ಮ ಮೊದಲು ಒದ್ದೆ ಹತ್ತಿ ಕೊಟ್ಟು, "ಅರಿಶಿನ ಪೂರಾ ಒರಸ್ರಿ," ಎಂದರು. ಒರೆಸಿದೆ. ಕೆಂಪು ಒಂದು ಕೆನ್ನೆಯಿಂದ ಮೂಗಿನ ಮೇಲೆ ಹಾದು ಇನ್ನೊಂದು ಕೆನ್ನೆಗೆ ಹರಡಿತ್ತು. ಮೂಗಿನ ಪಕ್ಕದ ಮಡಿಕೆಯಲ್ಲಿ ಮಾತ್ರ ಇರಲಿಲ್ಲ. ಅವರು ಅದನ್ನೇ ಬಹಳ ಹೊತ್ತು ನೋಡಿದರು. ಬಾಯೊಳಗೆ ನೋವಿಲ್ಲದ ಹುಣ್ಣು ಇವೆಯೇ, ಬೆಳಿಗ್ಗೆ ಕೀಲು ಬಿಗಿಯುತ್ತವೆಯೇ, ಬಿಸಿಲು ತಡೆಯುವುದಿಲ್ಲವೇ, ದೀರ್ಘ ಉಸಿರೆಳೆದರೆ ಎದೆ ಚುಚ್ಚುತ್ತದೆಯೇ ಎಂದು ಒಂದಾದ ಮೇಲೊಂದು ಕೇಳಿದರು. ನಾನು ಹೌದು ಎನ್ನುತ್ತ ಹೋದೆ. ಇನ್ನೊಂದು ಪ್ರಶ್ನೆಯನ್ನೂ ಕೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ.

ರಕ್ತ, ಮೂತ್ರ ಪರೀಕ್ಷೆ ಆಯಿತು. ಹೊರಗಿನ ರೋಗಾಣುಗಳ ಜೊತೆ ಹೋರಾಡಬೇಕಾದ ಶಕ್ತಿ ನನ್ನಲ್ಲಿ ನನ್ನದೇ ಚರ್ಮ, ಕೀಲು, ಕಿಡ್ನಿಗಳನ್ನು ಪರಕೀಯವೆಂದು ತಿಳಿದಿದೆಯಂತೆ. ಹೆಂಗಸರಿಗೇ ಹೆಚ್ಚು, ಅದೂ ನಮ್ಮ ವಯಸ್ಸಿನಲ್ಲಿ. ಪೂರ್ತಿ ಹೋಗುವುದಿಲ್ಲ, ಹತೋಟಿಗೆ ಬರುತ್ತದೆ. ಆರಾಮಾಯಿತೆಂದು ನಾವಾಗಿ ಗುಳಿಗೆ ಬಿಡುವಂತಿಲ್ಲ.

"ಅಂಟು ರೋಗ ಏನ್ರಿ?" ಎಂದು ಅತ್ತೆ ಕೇಳಿದರು.

"ಅಲ್ಲರಿ."

"ವ್ರತ ಮಾಡಿದ್ದಕ್ಕ ಬಂತೇನು?"

"ಇಲ್ಲ ಬಾಯಾರ."

"ಹಂಗಾರ ಸರಿಯಾಗಿ ಮಾಡಲಿಲ್ಲಂತ ಬಂತೇನು?"

"ಅದಕ್ಕೂ ಅಲ್ಲರಿ," ಎಂದು ಡಾಕ್ಟರಮ್ಮ ನಕ್ಕರು. ಆ ಕೋಣೆಯಲ್ಲಿ ನಕ್ಕವರು ಅವರೊಬ್ಬರೇ.

ಈಗ ಹಾಲು ಬಿಟ್ಟ ತಿಂಗಳು. ಆದರೆ ಅತ್ತೆ ದಿನವೂ ಲೋಟ ತುಂಬ ಹಾಲು ಕಾಸಿ, ಗುಳಿಗೆಯ ಜೊತೆ ನನ್ನ ಮುಂದಿಡುತ್ತಾರೆ. ನಾನು ಹಿಂದೆಮುಂದೆ ನೋಡಿದರೆ, "ವ್ರತ ನಂದು. ಹಾಲು ನಿಂದು. ಕುಡಿ," ಎನ್ನುತ್ತಾರೆ. ಸುಶೀಂದ್ರ ಮೊಬೈಲಿನಲ್ಲಿ ಕಿಡ್ನಿಯ ಬಗ್ಗೆ ಏನೇನೋ ಓದಿ ಮಾತು ಕಡಿಮೆ ಮಾಡಿದ್ದಾರೆ. ನನ್ನ ಮುಖ ಗುಳಿಗೆಗೆ ಊದತೊಡಗಿದೆ. ನೀನು ನೋಡಿದಾಗ ನಗಬೇಕು, ಹೂಂ? ನಗದಿದ್ದರೆ ನನಗೆ ಇನ್ನೂ ಹೆದರಿಕೆಯಾಗುತ್ತದೆ.

ಸೋಮವಾರ ಹುಬ್ಬಳ್ಳಿಗೆ ಬರುತ್ತೀಯಾ? ಸುಶೀಂದ್ರರಿಗೆ ಕೋರ್ಟಿದೆ. ಅತ್ತೆ ಬರುತ್ತಾರೆ. ಅವರೊಬ್ಬರ ಪಕ್ಕದಲ್ಲಿ ಕೂತು ಅದನ್ನು ಕೇಳಿಸಿಕೊಳ್ಳುವ ಧೈರ್ಯ ನನಗಿಲ್ಲ. ನಮ್ಮ ಶಾಲೆಯ ನೂರಜಹಾನ ಟೀಚರು ನಾಳೆ ಸವಣೂರಿಗೆ ಬರುತ್ತಾರೆ, ಅವರ ಕೈಯಲ್ಲೇ ಇದನ್ನು ಕೊಡುತ್ತಿದ್ದೇನೆ.

ಮುಬಶೀರನ ಸಂಸಾರ ತಂಪಾಗಿರಲಿ. ಹೊಸ ಮದುಮಗಳನ್ನು ನೋಡಲು ಬಂದೇ ಬರುತ್ತೇನೆ, ಬಿಸಿಲು ಇಳಿದ ಮೇಲೆ.

ನಿನ್ನ
ವೃಂದಾ

ತಾ.ಕ. ಬರೆಯುವುದಿಲ್ಲ ಎಂದಿದ್ದೆ. ಬರೆಯುತ್ತೇನೆ. ಡಾಕ್ಟರಮ್ಮ ಕೇಳಿದ್ದು ಇದು: "ಗರ್ಭ ನಿಂತು ಹೋಗಿದ್ದು ಏನರ ಅದ ಏನ್ರಿ?" ನಾನು ಇಲ್ಲ ಎಂದೆ. ಅತ್ತೆ ನನ್ನ ಕಡೆ ನೋಡದೆ, "ಒಂದು ಹೋಗ್ಯದರಿ. ಯುಗಾದಿ ಹಿಂದ ಮುಂದ," ಎಂದರು. "ಎರಡು ತಿಂಗಳು ಹೊರಗ ಕೂಡಲಿಲ್ಲ. ಮೂರನೇ ತಿಂಗಳು ಕೂತ್ಲು, ನಾಕು ದಿನಕ್ಕ ಏಳಲಿಲ್ಲ. ಗೋಡಿ ಕಡೆ ಮಾರಿ ಮಾಡಿ ಮಲಗಿದ್ಲು."

ಮುಟ್ಟಾದವರು ಹಿತ್ತಲ ಕೋಣೆಯಲ್ಲಿ ದೂರ ಕೂಡುವ ಮನೆ ನಮ್ಮದು. ಅಲ್ಲಿ ಇದನ್ನು ಮುಚ್ಚಿಡಬಹುದೆಂದು ಹೇಗೆ ನಂಬಿದ್ದೆನೋ. ಸುಶೀಂದ್ರರಿಗೆ ಹೇಳಿರಲಿಲ್ಲ, ನಿನಗೂ ಹೇಳಿರಲಿಲ್ಲ. ಖಾತ್ರಿಯಾದ ಮೇಲೆ ಹೇಳೋಣ ಎಂದಿದ್ದೆ, ಆಮೇಲೆ ಹೇಳಲು ಏನೂ ಉಳಿಯಲಿಲ್ಲ. ಅದೂ ಈ ರೋಗದಿಂದಲೇ ಹೋಗಿರಬಹುದಂತೆ. ಅದಕ್ಕೆ ಬೇರೊಂದು ರಕ್ತ ಪರೀಕ್ಷೆ ಮಾಡಿದ್ದಾರೆ, ಅದೂ ಸೋಮವಾರವೇ ತಿಳಿಯುತ್ತದೆ.

ಮಂಜುಳಾಬಾಯಿ "ಏನರ ಸುದ್ದಿ" ಎಂದು ಕೇಳಿದಾಗ ಅತ್ತೆಗೆ ಎಲ್ಲ ಗೊತ್ತಿತ್ತು. ನನ್ನ ಮುಖ ನೋಡಿ ಇನ್ನಾರೂ ಅದನ್ನು ಕೇಳದಿರಲಿ ಎಂದೇ ಅಷ್ಟು ಅರಿಶಿನ. ಅದರ ಕೆಳಗೆ ರೋಗವೂ ಮುಚ್ಚಿಹೋಯಿತು. ಇದು ಅವರಿಗೂ ಈಗ ಗೊತ್ತು. ನಾವಿಬ್ಬರೂ ಆ ಮಾತು ಆಡಿಲ್ಲ.

ಅಂದು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಹಿಂದಿರುಗುವಾಗ ಬಂಕಾಪುರ ದಾಟಿ ರಸ್ತೆ ತಿರುಗಿತು, ಬಿಸಿಲು ನೇರ ನನ್ನ ಕಿಟಕಿಗೆ ಬಂತು. ಅತ್ತೆ ಸೆರಗು ಬಿಚ್ಚಿ ನನ್ನ ಕೆನ್ನೆಗೆ ಅಡ್ಡ ಹಿಡಿದರು. ಹಾನಗಲ್ ಬರುವವರೆಗೂ ಆ ಕೈ ಕೆಳಗಿಳಿಯಲಿಲ್ಲ.