ಕಡೆಯ ಬೈಕು

ರಿಚರ್ಡ್ಸ್ ಟೌನ್, ಬೆಂಗಳೂರು
12 ಫೆಬ್ರುವರಿ 2025, ಬುಧವಾರ

ಪ್ರೀತಿಯ ನಿಮಗೆ,

“ಕಡೆಗೆ ಬಂದವನಿಗೆ ಕಡಲೆ ಸಿಪ್ಪೆ” ಎಂದು ನಿಮ್ಮ ಅಮ್ಮ ಹೇಳುತ್ತಿದ್ದ ಮಾತಿಗೆ ಇನ್ನೊಂದು ಅರ್ಧ ಇತ್ತಲ್ಲವೇ? ಭಾನುವಾರದಿಂದ ನೆನಪಿಸಿಕೊಳ್ಳುತ್ತಿದ್ದೇನೆ, ನಾಲಿಗೆಯ ತುದಿವರೆಗೆ ಬಂದು ಹಿಂದಕ್ಕೆ ಹೋಗುತ್ತದೆ. ನವೆಂಬರಿನಲ್ಲಿ ನೀವು ರೈಲಿನಿಂದ ಫೋನ್ ಮಾಡಿ, ನಮ್ಮ ಶಿಶಿರನ ಬಗ್ಗೆ ಆ ಮೊದಲರ್ಧವನ್ನು ಮಾತ್ರ ಹೇಳಿದಿರಿ. ಆಗ ನನಗೂ ಸರಿ ಅನ್ನಿಸಿತ್ತು. ಈಗ ಅನುಮಾನ. ಅಷ್ಟಕ್ಕೂ ಆ ಮನೆಯಲ್ಲಿ ದಿನವೂ ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುತ್ತಿದ್ದವರು ಅವರೇ. ತಮ್ಮನ್ನು ತಾವೇ ಹಂಗಿಸಿಕೊಳ್ಳುವ ಮಾತನ್ನು ಯಾರಾದರೂ ಅಷ್ಟು ಸಂತೋಷದಿಂದ ಹೇಳುತ್ತಾರೆಯೇ?

ಇರಲಿ, ಮೊದಲು ನಿಮ್ಮ ಕ್ಷೇಮ. ಅಲ್ಲಿಯ ಚಳಿ ಇಳಿಯಿತೇ? ಗೆಸ್ಟ್ ಹೌಸಿನ ಅಡುಗೆಯವನು ಈಗಲೂ ಎಲ್ಲದಕ್ಕೂ ಸಾಸಿವೆ ಎಣ್ಣೆ ಸುರಿಯುತ್ತಾನೆಯೇ? ರಿಟೈರಾದ ಮೇಲೆ ಇನ್ನೊಂದು ಕಾರ್ಖಾನೆಯ ಕಾಂಟ್ರಾಕ್ಟ್ ಒಪ್ಪಿಕೊಂಡವರು ನೀವೇ, ಹಾಗಾಗಿ ನಾನು ಅಯ್ಯೋ ಅನ್ನುವುದಿಲ್ಲ. ರಾತ್ರಿ ಮಾತ್ರ ಕಿವಿಗೆ ಮಫ್ಲರ್ ಕಟ್ಟಿಕೊಳ್ಳಿ. ಇಲ್ಲಿ ಆಗಲೇ ಬಿಸಿಲು ಚುರುಗುಟ್ಟುತ್ತಿದೆ. ಎದುರುಮನೆ ಶಮೀಮ್ ಸಿಕ್ಕಾಗಲೆಲ್ಲ ನಿಮ್ಮನ್ನು ವಿಚಾರಿಸುತ್ತಾರೆ. ಅವರ ಹೊಸ ಸ್ಕೂಟರು ಇನ್ನೂ ನಮ್ಮ ಬೀದಿಯ ಆ ತುದಿಯಿಂದ ಈ ತುದಿಗಷ್ಟೇ. ಮೇನ್ ರೋಡಿಗೆ ಗಂಡ ಅನೀಸ್ ಸಾಹೇಬರ ಅಪ್ಪಣೆ ಇಲ್ಲವಂತೆ. ಲೈಸೆನ್ಸ್ ಇಟ್ಟುಕೊಂಡು ತರಕಾರಿ ಗಾಡಿಗೆ ಹಾರ್ನ್ ಹೊಡೆದು ಸಮಾಧಾನಪಟ್ಟುಕೊಳ್ಳುತ್ತಾರೆ, ಪಾಪ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಶಿಶಿರನ ಹೆಸರೆತ್ತಿದ ಕೂಡಲೇ ನಿಮ್ಮ ಕಡೆ ಸಿಗ್ನಲ್ ಹೋಗುತ್ತದೆ. ಕಾಗದಕ್ಕೆ ಆ ತೊಂದರೆ ಇಲ್ಲ, ಅರ್ಧಕ್ಕೆ ಬಿಟ್ಟರೂ ಮೇಜಿನ ಮೇಲೆ ಕಾದು ಕೂತಿರುತ್ತದೆ. ನಿಮ್ಮ ಸಿಟ್ಟು ಸುಳ್ಳೆಂದು ನಾನು ಹೇಳುತ್ತಿಲ್ಲ. ನಾವಿಬ್ಬರೂ ಆಟೋದಲ್ಲಿ ಕೆ.ಆರ್. ಪುರಂ ಸ್ಟೇಷನ್ ಸೇರಿದ ಮೇಲೆ ತಾನೇ ಕನ್ನಡಕ, ಪುಸ್ತಕ, ಪುಳಿಯೋಗರೆ ಇದ್ದ ಚೀಲ ಸೋಫಾದ ಮೇಲೇ ಉಳಿದಿದ್ದು ಗೊತ್ತಾಗಿದ್ದು? ಅದನ್ನು ತರಲು ಶಿಶಿರನಿಗೆ ಫೋನ್ ಮಾಡಿದಾಗ “ಹೊರಟೆ ಅಪ್ಪಾ, ಬಂದ್ಬಿಟ್ಟೆ” ಎಂದವನು, ರೈಲಿನ ಕಡೆಯ ಬೋಗಿಯೂ ದಾಟಿ ಪ್ಲಾಟ್‌ಫಾರಂ ಖಾಲಿಯಾದ ಮೇಲೆ ಬೆವರಿಳಿಸಿಕೊಂಡು ಬಂದ. ಕೇಳಿದರೆ ಒಂದೇ ಪದ, “ಟ್ರಾಫಿಕ್”. ಎರಡು ದಿನ ಕನ್ನಡಕವಿಲ್ಲದೆ ಕಿಟಕಿ ನೋಡುತ್ತಾ ಕೂತವರು ನೀವು. “ಅಷ್ಟು ದೊಡ್ಡ ಸ್ಪೋರ್ಟ್ಸ್ ಬೈಕ್ ಇಟ್ಕೊಂಡು ಕೆ.ಆರ್. ಪುರಕ್ಕೆ ಬರಕ್ಕಾಗ್ಲಿಲ್ವಾ? ಯುಗಾದಿಗೆ ನಾನು ಬರೋಷ್ಟರಲ್ಲಿ ಅದು ಮನೆ ಮುಂದೆ ಇರ್ಕೂಡದು” ಎಂದಿರಿ. ಅಂದಿನಿಂದ ಅವನೊಡನೆ ಮಾತಿಲ್ಲ.

ಕಳೆದ ತಿಂಗಳು ಶಿವಾಜಿನಗರದಿಂದ ಒಬ್ಬರು ಬೈಕು ನೋಡಲು ಬಂದರು. ಶಿಶಿರ ತಾನೇ ಒರೆಸಿ, ಸ್ಟಾರ್ಟ್ ಮಾಡಿ ತೋರಿಸಿದ. ಬೇಡ ಎಂದು ಒಂದು ಮಾತೂ ಆಡಲಿಲ್ಲ. ಅದೇ ನನ್ನನ್ನು ಕೆಣಕಿದ್ದು. ತಾನು ದುಡಿದು ಕೊಂಡ ವಸ್ತುವನ್ನು ಹೀಗೆ ಸುಮ್ಮನೆ ಬಿಟ್ಟುಕೊಡುವವನು ಅದರ ಮೇಲೆ ಕೂತಾಗ ಯಾರಾಗಿರುತ್ತಾನೆ? “ಬೇಕಿದ್ರೆ ನೀನೇ ಹೋಗಿ ನೋಡು, ಅದೇನ್ ಕಿಸೀತಾನೆ ಅಂತ” ಎಂದು ನೀವು ಹಿಂದೊಮ್ಮೆ ಹೇಳಿದ್ದು ನೆನಪಿದೆಯೇ? ಹೋಗಿ ನೋಡಿ ಬಂದೆ.

ಕಾಗದ ಕೆಳಗಿಡಬೇಡಿ. ಮೂಳೆಗಳೆಲ್ಲ ಇದ್ದಲ್ಲೇ ಇವೆ.

ಭಾನುವಾರ ಬೆಳಕು ಹರಿಯುವ ಮುಂಚೆ ದೊಮ್ಮಲೂರು ಫ್ಲೈಓವರ್ ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ಶಿಶಿರನ ಬೈಕ್ ಗುಂಪಿನವರೆಲ್ಲ ಸೇರಿದರು. ಯಲಗಿರಿ ಬೆಟ್ಟಕ್ಕೆ ಹೋಗುವುದೆಂದಿತ್ತು. ಶಿಶಿರ ನನ್ನನ್ನು ತನ್ನ ಹಿಂದೆ ಕೂರಿಸಿಕೊಳ್ಳಲಿಲ್ಲ, ಮಹೀನ್ ಎಂಬ ಹುಡುಗಿಗೆ ಒಪ್ಪಿಸಿದ. ಫ್ರೇಜರ್ ಟೌನಿನ ಬಟ್ಟೆ ವ್ಯಾಪಾರಿಯ ಮಗಳು, ನಗುವಾಗ ಕಣ್ಣು ಪೂರ್ತಿ ಮುಚ್ಚಿಹೋಗುತ್ತದೆ. ಚೂಡಿದಾರಿನ ಮೇಲೆ ಅವಳದೇ ಇನ್ನೊಂದು ಜಾಕೆಟ್ ತೊಡಿಸಿ, ಹೆಲ್ಮೆಟ್ಟಿನ ಪಟ್ಟಿ ಬಿಗಿದು, “ಆಂಟಿ, ನಾನು ವಾಲಿದ್ರೆ ನೀವೂ ವಾಲಿ. ಬುದ್ಧಿ ಉಪಯೋಗಿಸ್ಬೇಡಿ” ಎಂದಳು. ಎಂ.ಎ. ಮಾಡಿದವಳಿಗೆ ಇಷ್ಟು ಒಳ್ಳೆಯ ಸಲಹೆಯನ್ನು ಯಾರೂ ಕೊಟ್ಟಿರಲಿಲ್ಲ. ಆ ಬೈಕಿನ ಹಿಂದಿನ ಸೀಟು ಎಂದರೆ ಒಂದು ಪುಸ್ತಕದಷ್ಟು ಅಗಲ, ಅಟ್ಟದಷ್ಟು ಎತ್ತರ.

ಹೊರಡುವ ಮುಂಚೆ ಗುಂಪಿನ ಹಿರಿಯ ಪ್ರೇಮ್‌ಕುಮಾರ್ ನಿಯಮ ಹೇಳಿದರು. ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದಾರೆ, ನಮ್ಮದೇ ವಯಸ್ಸಿನವರು. “ಯಾರೂ ಹೀರೋ ಆಗ್ಬೇಡ್ರಪ್ಪಾ. ಮುಂದೆ ನಾನು, ಕಡೆಗೆ ಶಿಶಿರ್. ಶಿಶಿರ್ ಬರೋವರ್ಗೂ ಯಾರೂ ದೋಸೆ ಮುಟ್ಟಂಗಿಲ್ಲ.” ಕಡೆಯ ಬೈಕಿನವನನ್ನು ಅವರು ಸ್ವೀಪ್ ಎನ್ನುತ್ತಾರೆ. ಅವನ ಬೈಕು ಎಷ್ಟೇ ಜೋರಿನದಾಗಿದ್ದರೂ ಯಾರನ್ನೂ ಹಿಂದೆ ಹಾಕುವಂತಿಲ್ಲ. ಯಾರು ನಿಂತರೂ ನಿಲ್ಲಬೇಕು. ಅವನ ಹಿಂದಿನ ಸೀಟು ಯಾವಾಗಲೂ ಖಾಲಿ, ಬಿದ್ದವರನ್ನೋ ಹೆದರಿದವರನ್ನೋ ಕೂರಿಸಿಕೊಳ್ಳಲು. ನನಗೆ ಅಲ್ಲಿ ಜಾಗವಿಲ್ಲದ್ದು ಅದಕ್ಕೇ. ನಮ್ಮ ಮಗ ಎರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದಾನಂತೆ. ನಿಮಗೆ ಗೊತ್ತಿತ್ತೇ? ನನಗಂತೂ ಗೊತ್ತಿರಲಿಲ್ಲ.

ಹೊಸೂರು, ಕೃಷ್ಣಗಿರಿ ದಾಟಿ ಬೆಟ್ಟದ ಬುಡ ಸೇರುವಷ್ಟರಲ್ಲಿ ನನ್ನ ಹೆದರಿಕೆ ಎಲ್ಲೋ ಬಿದ್ದುಹೋಗಿತ್ತು. ರಸ್ತೆಯಲ್ಲಿ ಗುಂಡಿ ಬಂದರೆ ಮುಂದಿನವರು ಆ ಕಡೆಯ ಕಾಲು ಚಾಚುತ್ತಾರೆ, ಅವರನ್ನು ನೋಡಿ ಹಿಂದಿನವರು, ಅವರನ್ನು ನೋಡಿ ಇನ್ನೂ ಹಿಂದಿನವರು. ಒಂದು ಗುಂಡಿಯ ಸುದ್ದಿ ಸಾಲಿನುದ್ದಕ್ಕೂ ಹರಿದು ಹೋಗುವುದನ್ನು ನೋಡುವುದೇ ಚೆಂದ. ಬೆಟ್ಟದ ಹೇರ್‌ಪಿನ್ ತಿರುವುಗಳಿಗೆ ತಮಿಳು ಕವಿಗಳ ಹೆಸರಿಟ್ಟಿದ್ದಾರೆ. ಹಲಸೂರಿನ ತಮಿಳರ ನಡುವೆ ಬೆಳೆದವಳಿಗೆ ತಮಿಳು ಓದಲು ಬರುತ್ತದಲ್ಲ, ಪ್ರತಿ ತಿರುವಿನಲ್ಲೂ ದೇವರ ಬದಲು ಒಬ್ಬೊಬ್ಬ ಕವಿಯನ್ನು ನೆನೆಯುತ್ತಾ ಒಂದು ಕಡೆ ವಾಲಿದೆ, ಮತ್ತೊಂದು ಕಡೆ ವಾಲಿದೆ. ನೆಲ ಕೈಗೆಟುಕುವಷ್ಟು ಹತ್ತಿರ ಬರುತ್ತಿತ್ತು. ಕೂಗಿದೆನಂತೆ. ಹೆದರಿಕೆಯ ಕೂಗಲ್ಲ ಎಂದು ಮಹೀನ್ ಆಮೇಲೆ ಸರ್ಟಿಫಿಕೇಟ್ ಕೊಟ್ಟಳು.

ಮೇಲಿನ ಹೋಟೆಲಿಗೆ ಒಬ್ಬೊಬ್ಬರೇ ಬಂದು ಸೇರಿದರು. ಶಿಶಿರ ಬರಲಿಲ್ಲ, ಓವೈಸ್ ಎಂಬ ಹುಡುಗನೂ ಬರಲಿಲ್ಲ. ಇರುವುದರಲ್ಲಿ ಎಲ್ಲಕ್ಕಿಂತ ದೊಡ್ಡ ಬೈಕು ಓವೈಸನದು. ದೋಸೆಗಳು ಬಂದು ತಟ್ಟೆಯಲ್ಲಿ ತಣ್ಣಗಾದವು, ಯಾರೂ ಮುಟ್ಟಲಿಲ್ಲ. ಹಸಿದ ಗಂಡುಮಕ್ಕಳು ತಟ್ಟೆ ಮುಂದಿಟ್ಟುಕೊಂಡು ಕೈಕಟ್ಟಿ ಕೂತಿದ್ದನ್ನು ನಾನು ಯಾವ ಮದುವೆ ಮನೆಯಲ್ಲೂ ನೋಡಿಲ್ಲ. ನಾನು ಮಾತ್ರ ರಸ್ತೆಯ ಅಂಚಿಗೆ ಹೋಗಿ ಹೋಗಿ ಬಗ್ಗಿ ನೋಡುತ್ತಿದ್ದೆ. ಕಡೆಗೆ ಓವೈಸ್ ನಿಧಾನವಾಗಿ, ಸೆಟೆದುಕೊಂಡು ಬಂದ. ಅವನ ಹಿಂದೆ, ಎರಡು ಬೈಕಿನಷ್ಟು ದೂರ ಬಿಟ್ಟು ಶಿಶಿರ.

“ಏನ್ ಮಗಾ, ದಾರೀಲಿ ಹಾಸ್ಕೊಂಡ್ ಮಲಗ್ಬಿಟ್ಯಾ?” ಎಂದರು ಪ್ರೇಮ್‌ಕುಮಾರ್.

“ನನ್ ಚೈನ್ ಲೂಸಾಗಿತ್ತು ಅಣ್ಣಾ. ಪಾಪ, ಓವೈಸ್ ನನಗೋಸ್ಕರ ನಿಂತ್ಕೊಂಡ” ಎಂದ ನಿಮ್ಮ ಮಗ.

ಓವೈಸ್ ಟೀ ಲೋಟ ಎತ್ತಿಕೊಂಡ. ಅರ್ಧ ಟೀ ಗ್ಲೌಸಿನ ಮೇಲೆ ಚೆಲ್ಲಿತು. ಅಷ್ಟೊಂದು ಬೈಕಿನವರಿದ್ದರು, ಒಬ್ಬರೂ ಶಿಶಿರನ ಚೈನಿನ ಕಡೆ ಬಗ್ಗಿ ನೋಡಲಿಲ್ಲ. ದೋಸೆ, ಚಟ್ನಿ ಎಂದು ಗಲಾಟೆ ಶುರುವಾಯಿತು. ಇಳಿಯುವಾಗ ಮಹೀನಳ ಕಿವಿಯ ಹತ್ತಿರ ಕೂಗಿ ಕೇಳಿದೆ. ಹೋದ ವರ್ಷ ಓವೈಸ್ ಹೀಗೇ ಒಂದು ತಿರುವಿನಲ್ಲಿ ಬಿದ್ದಿದ್ದನಂತೆ, ಅದಾದ ಮೇಲೆ ಇದೇ ಮೊದಲ ಬೆಟ್ಟ. “ಹಾಗಾದರೆ ಚೈನು?” ಎಂದೆ. “ಆಂಟಿ, ನಮ್ಮಲ್ಲಿ ಯಾರ ಚೈನೂ ಯಾರೂ ನೋಡಲ್ಲ” ಎಂದಳು.

ಆ ಮಾತು ಕೇಳಿದಾಗಿನಿಂದ ನವೆಂಬರಿನ “ಟ್ರಾಫಿಕ್” ನನ್ನ ತಲೆಯಲ್ಲಿ ತಿರುಗುತ್ತಿದೆ. ಅದೂ ಇಂಥದೇ ಒಂದು ಲೂಸಾದ ಚೈನೇ? ಮನೆಗೆ ಬಂದ ಮೇಲೆ ಅವನನ್ನೇ ಕೇಳಿದೆ. ಹೆಲ್ಮೆಟ್ಟಿನ ಗಾಜಿಗೆ ಅಂಟಿದ ಹುಳುಗಳನ್ನು ಒದ್ದೆ ಬಟ್ಟೆಯಿಂದ ತೆಗೆಯುತ್ತಿದ್ದವನು ತಲೆ ಎತ್ತದೆ, “ಆಯ್ತಲ್ಲಮ್ಮಾ, ಬಿಡು. ಅಪ್ಪಂಗೆ ಲೇಟಾಗಿದ್ದಂತೂ ನಿಜ ತಾನೆ?” ಎಂದ. ನಿಜವೇ. ನಿಮ್ಮ ಪುಳಿಯೋಗರೆಯನ್ನು ಅವತ್ತು ನಾವಿಬ್ಬರೂ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ತಿಂದೆವು. ಆದರೆ ಅವನು ಎಲ್ಲಿ ಹಿಂದೆ ಉಳಿದ ಎಂದು ಕೇಳಿದೆವೇ ಹೊರತು, ಯಾರ ಹಿಂದೆ ಎಂದು ನಾವು ಕೇಳಲಿಲ್ಲ.

ಶಿವಾಜಿನಗರದವರು ಈ ಭಾನುವಾರ ಬೈಕು ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಾರೆ. ಅಷ್ಟರೊಳಗೆ ಒಮ್ಮೆ ಶಿಶಿರನಿಗೇ ಫೋನ್ ಮಾಡಿ. ಬೈಯುವುದಿದ್ದರೂ ಅವನನ್ನೇ ಬೈಯಿರಿ, ನನ್ನ ಮೂಲಕ ಬೇಡ. ನಿಮ್ಮ ಅಮ್ಮನ ಮಾತಿನ ಉಳಿದರ್ಧ ನೆನಪಾದರೆ ಅದನ್ನೂ ಅವನಿಗೇ ಹೇಳಿ. ಕಾಗದ ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತೇನೆ. ಆರೋಗ್ಯ ಜೋಪಾನ, ಮಫ್ಲರ್ ಮರೆಯಬೇಡಿ. ಬೆಟ್ಟದ ಮೇಲಿನ ಗಾಳಿ ಇನ್ನೂ ನನ್ನ ಕೂದಲಲ್ಲಿದೆ, ಅದರಲ್ಲಿ ಸ್ವಲ್ಪ ನಿಮಗೂ.

ನಿಮ್ಮ
ಸೀತಾಲಕ್ಷ್ಮಿ

ಮರೆತಿದ್ದಲ್ಲ, ಈಗಷ್ಟೇ ಆದದ್ದು: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಬೆಲ್ ಆಯಿತು. ಶಮೀಮ್. ಕೈಯಲ್ಲಿ ಖೀರಿನ ಡಬ್ಬಿ. ಕಳೆದ ತಿಂಗಳು ಬಂದಿದ್ದವರು ಬೈಕು ಕೊಳ್ಳುವವರೆಂದು ಈಗಷ್ಟೇ ಗೊತ್ತಾಯಿತಂತೆ. ಒಳಗೆ ಬನ್ನಿ ಎಂದರೂ ಬರಲಿಲ್ಲ, ತಮ್ಮ ಮನೆಯ ಬಾಗಿಲ ಕಡೆ ಒಮ್ಮೆ ನೋಡಿ, ಹೊಸ್ತಿಲಾಚೆಯೇ ನಿಂತು ಒಂದೇ ಉಸಿರಿಗೆ ಹೇಳಿದರು. ಅವರು ಹೇಳಿದ ಹಾಗೆಯೇ ಬರೆಯುತ್ತೇನೆ.

“ಬೈಕ್ ಮಾರ್ಬೇಡಿ ಸೀತಾ. ನಿಮ್ಮವ್ರು ಊರಿಗೆ ಹೊರಟ ದಿನ ನಾನೂ ಕೆ.ಆರ್. ಪುರಕ್ಕೆ ಹೊರಟಿದ್ದೆ, ಮಗಳು ತೂಬಾ ಮನೆಗೆ, ಸ್ಕೂಟರಲ್ಲಿ. ಇವ್ರಿಗೆ ಬಸ್ಸು ಅಂದಿದ್ದೆ. ಟಿನ್ ಫ್ಯಾಕ್ಟರಿ ಹತ್ರ ಆ ಕಡೆ ಲಾರಿ, ಈ ಕಡೆ ಲಾರಿ, ಕೈಕಾಲೇ ಆಡ್ಲಿಲ್ಲ, ನಿಂತ್ಕೊಂಡು ಅಳ್ತಾ ಇದ್ದೆ. ಶಿಶಿರ್ ಬಂದು, ‘ನೀವು ಮುಂದೆ ಹೋಗಿ ಆಂಟಿ, ನಾನು ಹಿಂದೇನೇ ಇರ್ತೀನಿ’ ಅಂದ. ತೂಬಾ ಮನೆ ಗೇಟ್‌ವರ್ಗೂ, ಕನ್ನಡೀಲಿ ಯಾವಾಗ ನೋಡಿದ್ರೂ ಇದ್ದ. ಯಾರಿಗೂ ಹೇಳ್ಬೇಡ ಅಂತ ನಾನೇ ಆಣೆ ಹಾಕ್ಸಿದ್ದೆ. ಬೆನ್ನ ಮೇಲೆ ಒಂದು ಚೀಲ ಇತ್ತು. ಯಾರ್ದಪ್ಪಾ ಅದು, ಎಲ್ಲಿಗ್ ಹೊರಟಿದ್ದೆ ಅಂತ ನಾನು ಕೇಳ್ಲೇ ಇಲ್ಲ ರೀ.”